ಹನ್ನೆರಡು ಸಾಸರು ಎಂಜಲು

ನಮ್ಮ ಹೈಸ್ಕೂಲಿನಲ್ಲಿ ಉಗುಳುವುದಕ್ಕೂ ಲಾಟರಿ ಇತ್ತು. ಗುಂಡ್ಲುಪೇಟೆಯ ಬೇರೆ ಯಾವ ಶಾಲೆಯಲ್ಲೂ ಇಂಥದ್ದು ಇರಲಿಲ್ಲ. ನನ್ನನ್ನು ಕೇಳಿದರೆ ಏಷ್ಯಾ ಖಂಡದಲ್ಲೇ ಇರಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ವಿಜ್ಞಾನದ ಮಿಸ್ ಸೀಮೆಸುಣ್ಣದ ಡಬ್ಬ ಹಿಡಿದುಕೊಂಡು ಮುಂದೆ ಬರುತ್ತಿದ್ದರು. ಅದರ ತುಂಬ ಚೀಟಿಗಳು, ಒಂದೊಂದರಲ್ಲೂ ಒಬ್ಬೊಬ್ಬರ ಕ್ಲಾಸು ಮತ್ತು ಹಾಜರಿ ನಂಬರು. ಡಬ್ಬ ಕುಲುಕಿ, ಕಣ್ಣು ಮುಚ್ಚಿ ಮೂರು ಚೀಟಿ ಎತ್ತುತ್ತಿದ್ದರು. ನಂಬರು ಬಂದವನು ಒಂದು ಗುಟುಕು ನೀರು ಮುಕ್ಕಳಿಸಿ, ಸ್ಟಾಫ್ ರೂಮಿನ ಬಿಳಿ ಸಾಸರಿಗೆ ಉಗುಳಬೇಕು. ನೀರು ನೀರಾಗಿಯೇ ಬಂದರೆ ಬದುಕಿದ. ಕೆಂಪಗೆ ಬಂದರೆ ಗುಟ್ಕಾ ಎಂದು ಲೆಕ್ಕ. ಅಪ್ಪನನ್ನು ಕರೆಸುತ್ತಾರೆ, ಯಾವ ತಂಡದಲ್ಲಿದ್ದರೂ ಹೆಸರು ಹೊಡೆದುಹಾಕುತ್ತಾರೆ. ಈ ಪದ್ಧತಿ ಶುರುವಾದ ಮೇಲೆ ಮೇಷ್ಟ್ರುಗಳು ಯಾರೂ ಸಾಸರಿನಲ್ಲಿ ಟೀ ಕುಡಿದದ್ದನ್ನು ನಾನು ನೋಡಲಿಲ್ಲ.

ಮೊದಲ ದಿನ ಎಲ್ಲರ ಎದುರಿಗೆ ಮೊದಲು ಉಗುಳಿದ್ದು ಮಿಸ್ಸೇ. ಎರಡನೆಯ ಸಾಸರು ಹೆಡ್‌ಮಾಸ್ಟ್ರಿಗೆ ಕೊಟ್ಟರು. ಹೆಡ್‌ಮಾಸ್ಟ್ರು ಎಲೆಯಡಿಕೆ ಪ್ರಿಯರು. ಅಷ್ಟರಲ್ಲಿ ಅವರಿಗೆ ತುರ್ತಾಗಿ ಒಂದು ಫೋನು ಬಂತು. ಶಾಲೆಯ ಫೋನು ಕೆಟ್ಟು ಮೂರು ತಿಂಗಳಾಗಿತ್ತು.

ಮಿಸ್ಸಿಗೆ ಇದರ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಹಳೆಯ ವಿದ್ಯಾರ್ಥಿಯೊಬ್ಬ ಟಿ.ಸಿ. ತೆಗೆದುಕೊಳ್ಳಲು ಬಂದಿದ್ದ. ಮಿಸ್ ತಿನ್ನಲೆಂದು ಬಾಳೆಹಣ್ಣು ಕೊಟ್ಟರೆ ಅವನಿಗೆ ಕಚ್ಚುವಷ್ಟು ಬಾಯಿ ತೆರೆಯಲು ಆಗಲಿಲ್ಲ. ಗುಟ್ಕಾ ಹಾಕಿ ಹಾಕಿ ಕೆನ್ನೆ ಒಳಗಿನಿಂದ ಬಿಗಿದುಹೋಗಿತ್ತು. ಹಣ್ಣನ್ನು ಹಿಸುಕಿ ಹಿಸುಕಿ ಒಳಗೆ ತಳ್ಳಿಕೊಂಡನಂತೆ. ಮಾರನೆಯ ದಿನವೇ ಸಾಸರು ಬಂತು.

ಇನ್ನು ನನ್ನ ವಿಷಯ. ನಾನು ಹಂಗಳದವನು, ಒಂಬತ್ತನೇ ಕ್ಲಾಸು, ಹಾಜರಿ ನಂಬರು ಹತ್ತೊಂಬತ್ತು, ಕಬಡ್ಡಿ ತಂಡದ ಕ್ಯಾಪ್ಟನ್. ತಾಲ್ಲೂಕು ಮಟ್ಟದಲ್ಲಿ ನಾವು ಗೆದ್ದಿದ್ದೆವು. ಫೈನಲ್ಲಿನಲ್ಲಿ ನಾನು ರೈಡಿಗೆ ನುಗ್ಗಿದಾಗ ಎದ್ದ ಧೂಳು ಬಂಡೀಪುರದ ಆನೆಗಳಿಗೆ ಕೆಮ್ಮು ತರಿಸಿತ್ತು. ಮುಂದಿನ ವಾರದ ಶನಿವಾರ ಚಾಮರಾಜನಗರದಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಅಲ್ಲಿ ಆಡುವುದೆಂದರೆ ನನ್ನ ಪಾಲಿಗೆ ಜನ್ಮ ಸಾರ್ಥಕ. ಊರಿನವರಿಗೆಲ್ಲ ಹೇಳಿಯೂ ಆಗಿತ್ತು; ಕೇಳಿಸಿಕೊಳ್ಳದೆ ಉಳಿದದ್ದು ನಮ್ಮ ಎಮ್ಮೆ ಮಾತ್ರ.

ತೊಂದರೆ ಒಂದೇ. ನಾನು ಗುಟ್ಕಾ ಹಾಕುತ್ತಿದ್ದೆ. ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲಿ ಬೆಳಿಗ್ಗೆ ಒಂದು ಪ್ಯಾಕೆಟ್ಟು, ಊಟದ ಬಿಡುವಿನಲ್ಲಿ ಒಂದು. ದೊಡ್ಡ ಹುಡುಗರ ಎದುರು ಜಂಬಕ್ಕೆ ಹಲ್ಲಿನಲ್ಲಿ ಪ್ಯಾಕೆಟ್ಟು ಹರಿದದ್ದು, ಆಮೇಲೆ ಜಂಬ ಹೋಯಿತು, ಪ್ಯಾಕೆಟ್ಟು ಉಳಿಯಿತು. ಯಾವಾಗ ಬೇಕಾದರೂ ಬಿಡಬಲ್ಲೆ ಎಂದು ನನ್ನ ನಂಬಿಕೆ. ಬಿಡುವುದಕ್ಕಿಂತ ಉಪಾಯ ಹೂಡುವುದು ಸುಲಭ ಎಂದು ನನ್ನ ತಲೆಯ ನಂಬಿಕೆ.

ಉಪಾಯ ನಮ್ಮ ಹೊಲದಲ್ಲೇ ಬೆಳೆದು ನಿಂತಿತ್ತು. ಅಪ್ಪ ಬೀಟ್‌ರೂಟ್ ಬೆಳೆಯುತ್ತಿದ್ದ. ಇಡೀ ತಂಡಕ್ಕೆ ದಿನಾ ಬೆಳಿಗ್ಗೆ ಹಸಿ ಬೀಟ್‌ರೂಟ್ ತಿನ್ನಿಸಿಬಿಟ್ಟರೆ ಹನ್ನೆರಡು ಜನರ ಬಾಯೂ ಕೆಂಪು. ಆಗ ಮಿಸ್ ಯಾರನ್ನು ಹಿಡಿಯುತ್ತಾರೆ? ಸೋಮವಾರ ಒಂದು ಚೀಲ ಹೊತ್ತುಕೊಂಡೇ ಬಸ್ಸು ಹತ್ತಿದೆ.

ನಮ್ಮ ತಂಡದಲ್ಲಿ ಒಬ್ಬ ದಪ್ಪ ಹುಡುಗನಿದ್ದ, ಕಾಲು ಹಿಡಿದರೆ ಸಂಜೆ ಬಸ್ಸಿನ ಹೊತ್ತಿನವರೆಗೆ ಬಿಡುತ್ತಿರಲಿಲ್ಲ. ಮೂರನೇ ದಿನಕ್ಕೇ ಅವನು ತಿರುಗಿಬಿದ್ದ.

"ದಿನಾ ಇದೇನ್ಲಾ? ನಾವೇನ್ ದನಗೋಳಾ?"

"ತಿನ್ನು ಕಣ್ಲಾ. ರಕ್ತ ಆಯ್ತದೆ. ರಕ್ತ ಆದ್ರೆ ದಮ್ಮು ಬತ್ತದೆ."

"ಮತ್ತೆ ನೀನ್ಯಾಕ್ ತಿನ್ನಕಿಲ್ಲ?"

"ನನ್ ಮೈಯಾಗೆ ಬೇಕಾದಷ್ಟದೆ ಬುಡ್ಲಾ. ಕಚ್ಚಕ್ ಬಂದ್ ಸೊಳ್ಳೆನೂ ಥೂ ಅಂತ ಓಡೋಯ್ತದೆ."

ಇದು ಮಾತ್ರ ಸುಳ್ಳಲ್ಲ. ಮಾರಾಟವಾಗದ ಬೀಟ್‌ರೂಟೆಲ್ಲ ನಮ್ಮ ಮನೆಯಲ್ಲಿ ಪಲ್ಯ, ಸಾರು, ಗೊಜ್ಜು ಆಗುತ್ತಿತ್ತು. ಅದನ್ನು ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ. ಬೆಳೆದವನ ಮಗನಾಗಿ ಹನ್ನೊಂದು ಜನಕ್ಕೆ ಹಂಚಿದೆ, ನಾನೊಂದು ಚೂರನ್ನೂ ಕಚ್ಚಲಿಲ್ಲ. ನನ್ನ ಬಾಯಿ ಹೇಗೂ ಕೆಂಪಗಿದೆಯಲ್ಲ, ಸಾಲದೇ?

ಗುರುವಾರ ಮೂರನೇ ಪೀರಿಯಡ್ಡು ಮುಗಿದಿತ್ತು. ಆ ದಪ್ಪ ಹುಡುಗ ಮೂತ್ರಿಯಿಂದ ಚಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿಬಂದು ನೇರ ಮಿಸ್ಸಿನ ಮುಂದೆ ಕುಸಿದ.

"ಮಿಸ್ಸೋ! ನಾನ್ ಸತ್ತೋಯ್ತೀನಿ ಮಿಸ್! ಉಚ್ಚೇಲಿ ರಕ್ತ ಬತ್ತಾ ಅದೆ!"

ಮಿಸ್ ಮೊದಲು ಗಾಬರಿಯಾದರು. ಆಮೇಲೆ ಅವನ ಹಲ್ಲು ನೋಡಿದರು. "ಏನೋ ತಿಂದೆ?"

"ಬೀಟ್‌ರೂಟು ಮಿಸ್. ಸ್ವಾಮಾರದಿಂದ್ಲೂ ಕ್ಯಾಪ್ಟನ್ನು ತಿನ್ನಿಸ್ತಾ ಅವ್ನೆ. ರಕ್ತ ಆಯ್ತದೆ ಅಂದ. ಆಗಿದ್ದೆಲ್ಲಾ ಈಚೆಗ್ ಬತ್ತಾ ಅದೆ ಮಿಸ್!"

"ಏಳೋ ಮೇಲೆ. ಅದು ಬೀಟ್‌ರೂಟಿನ ಬಣ್ಣ. ನಾಳಿದ್ದು ತಾನಾಗೇ ಹೋಗುತ್ತೆ." ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಾ ನಗುತ್ತಾ ನನ್ನ ಕಡೆ ತಿರುಗಿದರು. ತಿರುಗಿದ ಮೇಲೆ ನಗು ಇರಲಿಲ್ಲ.

ಹತ್ತು ನಿಮಿಷದಲ್ಲಿ ಲ್ಯಾಬಿನ ಮೇಜಿನ ಮೇಲೆ ಹನ್ನೆರಡು ಸಾಸರು, ಅವುಗಳ ಹಿಂದೆ ನಾವು ಹನ್ನೆರಡು ಜನ, ಬಾಗಿಲಲ್ಲಿ ಹೆಡ್‌ಮಾಸ್ಟ್ರು. ಎಲ್ಲರೂ ಉಗುಳಿದೆವು. ಹನ್ನೆರಡೂ ಕೆಂಪು. ನನ್ನ ಉಪಾಯ ನೋಡಿ ನನಗೇ ಕೈಮುಗಿಯಬೇಕೆನಿಸಿತು. ಆಗ ಮಿಸ್ ಚೀಲದಿಂದ ಎರಡು ನಿಂಬೆಹಣ್ಣು ತೆಗೆದು ಕತ್ತರಿಸಿ, ಒಂದೊಂದೇ ಸಾಸರಿಗೆ ಹಿಂಡುತ್ತಾ ಬಂದರು. ಮೊದಲನೆಯದು ಕೆಂಪಾಗಿಯೇ ಉಳಿಯಿತು. ಎರಡನೆಯದೂ ಹಾಗೆಯೇ. ಕೊನೆಯದು ನನ್ನದು. ನಾಲ್ಕು ಹನಿ ಬಿದ್ದದ್ದೇ ತಡ, ಕೆಂಪು ಕರಗಿ ಪೇಲವ ಹಳದಿಯಾಯಿತು.

"ಓಹೋ! ಕ್ಯಾಪ್ಟನ್ ಪಾಸು ಕಣ್ರಲಾ!" ಎಂದು ದಪ್ಪ ಹುಡುಗ ಕೂಗಿದ. ಉಳಿದವರು ನನ್ನ ಬೆನ್ನಿಗೆ ಗುದ್ದಿದರು. ತಾವೆಲ್ಲ ಫೇಲಾದೆವು ಎಂದು ಪಾಪ ಇಬ್ಬರು ಅಳುವುದಕ್ಕೇ ಶುರು ಮಾಡಿದರು.

ಮಿಸ್ ಅವರನ್ನು ತಡೆಯಲಿಲ್ಲ. "ಯಾರದ್ದೂ ಏನಿಲ್ಲ, ಇನ್ಮೇಲೆ ಹಸಿ ಬೀಟ್‌ರೂಟ್ ತಿನ್ನಬೇಡಿ, ಹೋಗಿ" ಎಂದರು. ನನಗೆ ಮಾತ್ರ, "ನಿನ್ನ ಸಾಸರು ನೀನೇ ತೊಳಿ" ಎಂದರು.

ಹುಡುಗರೆಲ್ಲ ಹೋದ ಮೇಲೆ ಮಿಸ್ ಹೇಳಿದರು. "ಆರತಿ ನೀರು ನೋಡಿದ್ದೀಯಲ್ಲ? ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಅದಕ್ಕೇ ನಿಂಬೆಹಣ್ಣು ಹಿಂಡಿದರೆ ಕೆಂಪು ಹೋಗಿಬಿಡುತ್ತೆ. ಅಡಿಕೆ, ಸುಣ್ಣ ಸೇರಿ ಆಗೋ ಕೆಂಪೂ ಹಂಗೇ ಕಣೋ. ಬೀಟ್‌ರೂಟಿನ ಕೆಂಪು ನಿಂಬೆಗೆ ಜಗ್ಗಲ್ಲ. ನೀನೂ ಒಂದು ಚೂರು ತಿಂದಿದ್ದರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ."

ಹೆಡ್‌ಮಾಸ್ಟ್ರು ಅಲ್ಲೇ ಪೆನ್ನು ತೆಗೆದರು. "ಹೆಸರು ಹೊಡೆದಾಕಿ ಮೇಡಂ. ಇವನಪ್ಪನ್ನ ಕರಸ್ತೀನಿ."

"ಪಟ್ಟಿ ಕಳಿಸೋದು ಮುಂದಿನ ವಾರ ಶುಕ್ರವಾರ ಸಾರ್. ಅಲ್ಲೀವರೆಗೂ ನನಗೆ ಬಿಡಿ. ಶುಕ್ರವಾರ ಇವನ ಬಾಯಿ ಕೆಂಪಗಿದ್ದರೆ ನಾನೇ ಹೊಡೆದುಹಾಕ್ತೀನಿ, ಅವರಪ್ಪನಿಗೂ ನಾನೇ ಹೇಳ್ತೀನಿ."

"ನಿಮ್ಮ ಜವಾಬ್ದಾರಿ."

"ನನ್ನದೇ."

ಹೆಡ್‌ಮಾಸ್ಟ್ರು ಹೋದ ಮೇಲೆ ಮಿಸ್, ಬಾಯಿ ಎಷ್ಟು ತೆರೆಯುತ್ತದೆ ನೋಡಲು, ನನ್ನ ಮೂರು ಬೆರಳನ್ನು ಒಂದರ ಮೇಲೊಂದು ಬಾಯಲ್ಲಿ ನಿಲ್ಲಿಸಿಕೊಳ್ಳಲು ಹೇಳಿದರು. ಎರಡು ಸಲೀಸಾಗಿ ಹೋದವು. ಮೂರನೆಯದಕ್ಕೆ ಕೆನ್ನೆ ಉರಿಯಿತು. ಬಾಳೆಹಣ್ಣಿನ ಅಣ್ಣ ನೆನಪಾದ. ಇವತ್ತಿನಿಂದಲೇ ಬಿಡುತ್ತೇನೆ ಎಂದೆ, ಮಿಸ್ಸಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಬಾಯಲ್ಲಿ ಇನ್ನೂ ಬೆರಳಿತ್ತು.

ಅಂದಿನಿಂದ ಲಾಟರಿ ವಿಚಿತ್ರವಾಯಿತು. ಗಣಿತದ ಪೀರಿಯಡ್ಡಿನ ನಡುವೆ ಮಿಸ್ ಬಾಗಿಲಲ್ಲಿ ನಿಂತು ಡಬ್ಬ ಕುಲುಕಿ ಚೀಟಿ ಎತ್ತುವರು: "ಒಂಬತ್ತನೇ ಕ್ಲಾಸು, ಹತ್ತೊಂಬತ್ತು." ಊಟದ ಬಿಡುವಿನಲ್ಲಿ ಹುಣಸೆಮರದ ಹಿಂದೆ ಪ್ರತ್ಯಕ್ಷ: "ಹತ್ತೊಂಬತ್ತು." ಸಂಜೆ ಹಂಗಳದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೇನೆ, ಕೆಳಗಿನಿಂದ ಡಬ್ಬದ ಸದ್ದು. ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ನಾನು ಉಗುಳುವುದನ್ನು ನೋಡುತ್ತಾ ನಿಂತ. ನನ್ನ ಗ್ರಹಚಾರವೇ ಕೆಟ್ಟಿದೆ ಎಂದುಕೊಂಡೆ. ಸೋಮವಾರ ತಡೆಯಲಾರದೆ ಡಬ್ಬ ಇಣುಕಿ ನೋಡಿದೆ. ಸೀಮೆಸುಣ್ಣದ ನಾಲ್ಕು ಚೂರಿನ ನಡುವೆ ಇದ್ದದ್ದು ಒಂದೇ ಚೀಟಿ.

"ಇದ್ಯಾವ ಸೀಮೆ ಲಾಟ್ರಿ ಮಿಸ್?"

"ನಿನಗೆ ಅಂತಲೇ ಮಾಡಿಸಿದ್ದು."

"ಒಂದೇ ಚೀಟಿಗೆ ಅಷ್ಟೊತ್ತು ಯಾಕ್ ಮಿಸ್ ಕುಲುಕೀರಿ?"

"ಕುಲುಕದೇ ಎತ್ತಿದರೆ ಮೋಸ ಆಗುತ್ತೆ ಕಣೋ" ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಜಿಲ್ಲೆಯಲ್ಲಿ ನನಗಿಂತ ದೊಡ್ಡ ತರಲೆ ಇದ್ದಾರೆಂದು ಅವತ್ತು ಒಪ್ಪಿಕೊಂಡೆ.

ಗುಟ್ಕಾ ಬಿಡುವುದು ನಾನು ತಿಳಿದಷ್ಟು ಸಸಾರವಾಗಿರಲಿಲ್ಲ. ತಲೆ ಸಿಡಿಯುತ್ತಿತ್ತು. ನಿದ್ದೆಯಲ್ಲಿ ಹಲ್ಲು ಅಗಿಯುತ್ತಿದ್ದವು. ನಮ್ಮವ್ವ ಇಲಿ ಸೇರಿಕೊಂಡಿದೆಯೆಂದು ಅಟ್ಟವನ್ನೆಲ್ಲ ಹುಡುಕಿದಳು. ಬುಧವಾರ ಮಧ್ಯಾಹ್ನ ಸೋತೆ. ಕಾಲುಚೀಲದಲ್ಲಿ ಉಳಿಸಿಕೊಂಡಿದ್ದ ಕೊನೆಯ ಪ್ಯಾಕೆಟ್ಟು ಬಾಯಿಗೆ ಸುರಿದುಕೊಂಡೆ. ಎರಡು ನಿಮಿಷ ಅಗಿದೆ. ಡಬ್ಬದ ಸದ್ದು ಎಲ್ಲೂ ಕೇಳಿಸಲಿಲ್ಲ. ಸಂಜೆವರೆಗೆ ಅವರು ಬರದೇ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇಕೋ ಹೆಡ್‌ಮಾಸ್ಟ್ರಿಗೆ ಮಿಸ್ "ನನ್ನದೇ" ಎಂದದ್ದು ನೆನಪಾಯಿತು. ಉಗಿದು ಲ್ಯಾಬಿಗೆ ಹೋದೆ.

"ಇವತ್ತು ನಾನೇ ಬಂದಿವ್ನಿ ಮಿಸ್. ಹಾಕ್ಬುಟ್ಟೆ."

ಮಿಸ್ ಡಬ್ಬ ತೆಗೆದು, ಕುಲುಕಿ, ಕಣ್ಣು ಮುಚ್ಚಿ ಚೀಟಿ ಎತ್ತಿದರು. "ಹತ್ತೊಂಬತ್ತು." ಸಾಸರಿಗೆ ಉಗುಳಿದೆ. ಕೆಂಪು. ನಿಂಬೆ ಹಿಂಡಿದರು. ಹಳದಿ.

"ಹೆಸರು ಹೊಡೆದಾಕ್ತೀರಾ ಮಿಸ್?"

"ನಾನು ಹೇಳಿದ್ದು ಶುಕ್ರವಾರ. ಇವತ್ತು ಬುಧವಾರ" ಎಂದರು. "ಸಾಸರು ತೊಳಿ."

ಶುಕ್ರವಾರ ಹೆಡ್‌ಮಾಸ್ಟ್ರ ಮೇಜಿನ ಮೇಲೆ ಪಟ್ಟಿ, ಪಕ್ಕದಲ್ಲಿ ಸಾಸರು. ನಾನು ಉಗುಳಿದ ನೀರು ಎಷ್ಟು ತಿಳಿಯಾಗಿತ್ತೆಂದರೆ ಅದರಲ್ಲಿ ಮೀನು ಸಾಕಬಹುದಿತ್ತು. ಹೆಡ್‌ಮಾಸ್ಟ್ರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಪೆನ್ನಿನ ಕ್ಯಾಪು ಮುಚ್ಚಿದರು.

ಶನಿವಾರ ಚಾಮರಾಜನಗರದ ಮೈದಾನ. ಮಿಸ್ಸೂ ಬಂದಿದ್ದರು, ಚೀಲದಲ್ಲಿ ಆಟಗಾರರಿಗೆ ನಿಂಬೆಹಣ್ಣು, ಅದರ ಜೊತೆಗೇ ಆ ಡಬ್ಬ. ನಮ್ಮ ಎದುರಿಗೆ ಬಂದ ತಂಡದವರು ಮೀಸೆ ಬಂದ ಗಂಡಸರು. ಒಬ್ಬನಿಗೆ ಮೊಮ್ಮಕ್ಕಳಿದ್ದರೂ ನನಗೆ ಆಶ್ಚರ್ಯವಿಲ್ಲ. ನಾವು ಸೋತೆವು. ಆದರೆ ಸೋಲುವ ಮೊದಲು ನಾನೊಂದು ರೈಡಿಗೆ ಹೋದೆ. ಅವತ್ತು ಉಸಿರು ಮುಗಿಯಲೇ ಇಲ್ಲ. ಕಬಡ್ಡಿ ಕಬಡ್ಡಿ ಎನ್ನುತ್ತಾ ಹಿಂದಿನ ಗೆರೆಯವರೆಗೆ ಹೋಗಿ, ಮುಟ್ಟಿ, ಬಿಡಿಸಿಕೊಂಡು ನಡುಗೆರೆಗೆ ಬಂದು ಬಿದ್ದೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಹಿಂದಿನ ಸೀಟಿನಲ್ಲಿ ಕೂತು, ಆ ಒಂದೇ ರೈಡಿನಲ್ಲಿ ಐದು ಜನರನ್ನು ಔಟ್ ಮಾಡಿದ್ದನ್ನು ವಿವರಿಸುತ್ತಿದ್ದೆ.

"ಎಲ್ಲಿ ಐದ್ಲಾ? ಎರಡು ಅಂದ್ರೆ ಜಾಸ್ತಿ ಆಯ್ತು" ಎಂದ ದಪ್ಪ ಹುಡುಗ.

ಮುಂದಿನ ಸೀಟಿನಿಂದ ಡಬ್ಬ ಕುಲುಕಿದ ಸದ್ದು ಬಂತು. ಮಿಸ್ ತಿರುಗಿ ನೋಡದೆಯೇ ಹೇಳಿದರು:

"ಒಂದು. ಮುಟ್ಟಿದ್ದು ಒಬ್ಬನನ್ನ. ಆದ್ರೆ ಚೆನ್ನಾಗಿ ಮುಟ್ಟಿದ."