ಉಮಾಶ್ರೀಯ ಬೈತಲೆ

ನನ್ನ ತಮ್ಮ ಕೊಟ್ರೇಶನ ಕೂದಲು ಅವನ ಮದುವೆಗೆ ಮೊದಲೇ ಹೊರಟುಹೋಗಿತ್ತು. ಮೊದಲು ಹಣೆಯ ಎರಡು ಮೂಲೆಗಳು ಹಿಂದೆ ಸರಿದವು, ಆಮೇಲೆ ನೆತ್ತಿಯಲ್ಲಿ ದುಂಡನೆಯ ಬಯಲೊಂದು ಕಾಣಿಸಿತು, ಕೊನೆಗೆ ಎರಡೂ ಕೂಡಿಕೊಂಡವು. ಈಗ ಕಿವಿಯಿಂದ ಕಿವಿಗೆ ಒಂದು ಪಟ್ಟಿ ಮಾತ್ರ ಉಳಿದಿದೆ. ಮಾನ್ವಿಯ ಅವನ ಅಕ್ಕಿ ಗಿರಣಿಯಲ್ಲಿ ಹೊಟ್ಟಿನ ಧೂಳು ಕೂತ ಆ ತಲೆಯನ್ನು ನೋಡಿ ಹಮಾಲರು ನಗುತ್ತಾರೆ. ಅವನೂ ನಗುತ್ತಾನೆ.

ಅವನ ಮಗಳು ಉಮಾಶ್ರೀಗೆ ಹಾಗೆ ನಗುವ ಸ್ವಾತಂತ್ರ್ಯ ಇರಲಿಲ್ಲ. ಅವಳು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಮಾತು ಕಡಿಮೆ, ಅಂದಾಜಿನ ಮಾತಂತೂ ಇಲ್ಲವೇ ಇಲ್ಲ. ಕಳೆದ ವರ್ಷ ಒಂದು ಭಾನುವಾರ ರಾಯಚೂರಿನ ನನ್ನ ಮನೆಗೆ ಬಂದವಳು, "ಅತ್ತಿ, ನನ್ನ ಬೈತಲಿ ಅಗಲ ಆಗಾಕತ್ತದ" ಎಂದಳು.

ನಾನು ಕನ್ನಡಕ ಏರಿಸಿ ಅವಳ ಹಣೆಯನ್ನು ನೋಡಿದೆ. ಕೂದಲಿನ ಗೆರೆ ಇದ್ದಲ್ಲೇ ಇತ್ತು. ಡಿಗ್ರಿ ಕಾಲೇಜಿನಲ್ಲಿ ನಿವೃತ್ತಿಯವರೆಗೂ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ಬೋಳುತಲೆ ಒಂದೇ ಜೀನಿನ ವ್ಯವಹಾರ, ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೆಣ್ಣಿಗೆ ಅಂಟುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಜೀನುಗಳನ್ನು ಜೋಡಿಸುವ ಚೌಕ ಬರೆದು ತೋರಿಸುತ್ತಿದ್ದೆ. ಅದೇ ಚೌಕವನ್ನು ಅವಳಿಗೂ ಬರೆದುಕೊಟ್ಟೆ.

"ನಿಮ್ಮವ್ವನ ಕಡೀಗಿ ಯಾರ ತಲೀನೂ ಬೋಳ ಇಲ್ಲ. ನಿನಗ ಬರೂದಿಲ್ಲ. ಬೇಕಾದ್ರ ನನ್ನ ತಲಿ ನೋಡು."

ಅವಳು ನೋಡಿದಳು, ಆದರೆ ಎದುರಿನಿಂದ ಅಲ್ಲ. ಕುರ್ಚಿಯ ಹಿಂದೆ ಹೋಗಿ ನಿಂತು, ಫೋನಿನಲ್ಲಿ ಫೋಟೋ ತೆಗೆದು ನನ್ನ ಕೈಗೆ ಕೊಟ್ಟಳು. ಯಾರೋ ಮುದುಕಿಯ ನೆತ್ತಿ. ಬೈತಲೆಯ ಎರಡೂ ಕಡೆ ಚರ್ಮ ಹೊಳೆಯುತ್ತಿತ್ತು.

"ಯಾರದು ಇದು?"

"ನಿಮ್ದ ಅತ್ತಿ."

ನಾನು ದಿನವೂ ಕನ್ನಡಿ ನೋಡುತ್ತೇನೆ. ಕನ್ನಡಿಗೆ ಹಣೆಯಷ್ಟೇ ಗೊತ್ತು, ಹೆಂಗಸಿನ ಹಣೆಯ ಮೇಲಿನ ಕೂದಲಿನ ಗೆರೆಯೋ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹಿಂದೆ ನಿಂತು ನನಗೆ ಹೂ ಮುಡಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಹೆಣ್ಣಿಗೆ ಇದು ಅಪರೂಪ ಎಂದು ನಾನು ಬೋರ್ಡಿನತ್ತ ತಿರುಗಿ ಬರೆಯುತ್ತಿದ್ದಾಗ, ಗ್ಯಾಲರಿಯ ಮೇಲಿನ ಸಾಲುಗಳಿಗೆ ಉದಾಹರಣೆ ಕಣ್ಣೆದುರೇ ಇದ್ದಿರಬೇಕು. ಪಾಪ, ಅವರು ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನೇ ಬರೆದು ಪಾಸಾದರು.

ಇಬ್ಬರೂ ಚರ್ಮದ ಡಾಕ್ಟರ್ ಕುಬ್ರಾ ಬೇಗಂ ಅವರಲ್ಲಿಗೆ ಹೋದೆವು. ಅವರು ಉಮಾಶ್ರೀಯ ಕೂದಲನ್ನು ಸಾಲು ಸಾಲಾಗಿ ಬಿಡಿಸಿ ನೋಡಿದರು, ಮುಟ್ಟಿನ ಬಗ್ಗೆ ಕೇಳಿದರು, ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆಸಿದರು. ನಾನು ನನ್ನ ಚೌಕದ ವಿಷಯ ತೆಗೆದೆ.

"ಅದು ಹಳೇ ಪುಸ್ತಕದ ಮಾತು ರೀ ಮೇಡಂ" ಎಂದರು. "ಒಂದ ಜೀನ್ ಅಲ್ಲ, ಭಾಳ ಅವ. ಅವ್ವನ ಕಡಿಂದೂ ಬರ್ತಾವ, ಅಪ್ಪನ ಕಡಿಂದೂ ಬರ್ತಾವ. ಗಂಡಸ್ರದು ತಲಿ ನೋಡಿದ್ರ ಸಾಕು, ತಿಳೀತದ. ಹೆಣ್ಣಮಕ್ಕಳಿಗಿ ಬ್ಯಾರೆ ಕಾರಣ ಏನರ ಅದನೋ ಅಂತ ಮೊದಲ ನೋಡಬೇಕಾಗ್ತದ."

ಉಮಾಶ್ರೀ ನೇರವಾಗಿ ಕೇಳಿದಳು. "ನಮ್ಮಪ್ಪನಂಗ ಪೂರಾ ಆಗ್ತದೇನ್ರಿ?"

"ಇಲ್ಲವ್ವ. ನೆತ್ತಿ ಮ್ಯಾಲ ತೆಳ್ಳಗಾಗ್ತದ. ಪೂರಾ ಬೋಳ ಆಗೂದು ಕಮ್ಮಿ. ರಕ್ತದಾಗ ಏನೂ ಇರ್ಲಿಲ್ಲಂದ್ರ ಔಷಧಿ ಹಚ್ಚು, ಗುಣ ಕಾಣಾಕ ತಿಂಗಳುಗಟ್ಟಲೆ ಬೇಕು. ಬಿಟ್ರ ಮತ್ತ ಉದುರ್ತದ."

ಉಮಾಶ್ರೀ ಪರ್ಸಿನಿಂದ ಗುಳಿಗೆಯ ಪಟ್ಟಿಯೊಂದನ್ನು ತೆಗೆದಳು. ಅಪ್ಪ ಕೊಟ್ಟದ್ದಂತೆ. ಎಲ್ಲರ ಮುಂದೆ ನಗುವ ಕೊಟ್ರೇಶ ಮರೆಯಲ್ಲಿ ಗುಳಿಗೆ ನುಂಗುತ್ತಾನೆಂದು ನನಗೆ ಗೊತ್ತಾದದ್ದು ಅಂದೇ.

ಡಾಕ್ಟರು ಅದನ್ನು ಕಸಿದುಕೊಂಡಂತೆ ತೆಗೆದುಕೊಂಡರು. "ಇದು ಗಂಡಸ್ರಿಗಿ. ನಾಳಿ ನೀ ಬಸುರಾದ್ರ ಹೊಟ್ಟ್ಯಾಗಿನ ಕೂಸಿಗಿ ತ್ರಾಸ. ಮುಟ್ಟಬ್ಯಾಡ."

ರಕ್ತದ ವರದಿಯಲ್ಲಿ ದೋಷ ಸಿಗಲಿಲ್ಲ. ಅವಳು ಔಷಧಿ ಹಚ್ಚತೊಡಗಿದಳು. ಕೂದಲು ಬರುವ ಮೊದಲೇ ಗಂಡು ಬಂತು. ಗಿಲ್ಲೆಸುಗೂರಿನ ಬಸವಪ್ರಸಾದ, ಗೊಬ್ಬರದ ಅಂಗಡಿಯವನು. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದರು, ಉಮಾಶ್ರೀಗೆ ಅವನು ಮನಸ್ಸಿಗೆ ಬಂದಿದ್ದ. ಹೆಣ್ಣು ನೋಡುವ ಶಾಸ್ತ್ರವೊಂದು ಉಳಿದಿತ್ತು, ಕಷ್ಟ ಇದ್ದದ್ದೂ ಅದರಲ್ಲೇ. ನಮ್ಮಲ್ಲಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸುತ್ತಾರೆ. ಹುಡುಗನ ತಾಯಿ ಹಿಂದೆ ನಿಂತು ಹೂ ಮುಡಿಸುತ್ತಾಳೆ. ಅವಳ ಕಣ್ಣು ಬೀಳುವುದೇ ನೆತ್ತಿಯ ಮೇಲೆ.

ಕೊಟ್ರೇಶ ಬೈತಲೆಗೆ ತುಂಬುವ ಕರಿ ಪುಡಿ ತರಿಸಿದ. ನಾನೂ ಅವನ ಪಕ್ಷ ವಹಿಸಿದೆ. ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ನನ್ನ ಕೈಯಲ್ಲಿ ಪುಡಿಯ ಡಬ್ಬಿ.

"ಒಂದ ದಿನದ ಮಾತು, ಹಾಕ್ಕೊ" ಎಂದೆ.

"ಮದುವಿ ಆದಮ್ಯಾಲ ದಿನಾ ತುಂಬ್ಕೋತ ಕೂಡ್ಲೇನು?" ಎಂದು ಡಬ್ಬಿಯನ್ನು ಅಪ್ಪನ ಕೈಗಿಟ್ಟಳು. "ನೀವ ಹಚ್ಕೋರಿ, ನಿಮಗ ಜಾಗಾ ಭಾಳ ಅದ."

ಶಾಸ್ತ್ರದ ದಿನ ಹುಡುಗನ ತಾಯಿ ಚನ್ನಮಲ್ಲಮ್ಮ ಮಲ್ಲಿಗೆಯ ಮಾಲೆ ಹಿಡಿದು ಅವಳ ಹಿಂದೆ ನಿಂತರು. ಅವರ ಕೈ ತಡೆಯಿತು. ಕೊಟ್ರೇಶ ನೆಲ ನೋಡಿದ.

"ನೆತ್ತಿ ಮ್ಯಾಲ ಕೂದ್ಲ ಕಮ್ಮಿ ಅದಲ್ಲವ್ವ" ಎಂದರು.

"ಹೌದ್ರಿ. ಔಷಧಿ ಹಚ್ಚಾಕತ್ತೀನಿ. ಇನ್ನೂ ಕಮ್ಮಿ ಆಗಬಹುದು" ಎಂದಳು ಉಮಾಶ್ರೀ, ತಿರುಗದೆ.

ಚನ್ನಮಲ್ಲಮ್ಮ ನನ್ನ ಕಡೆ ನೋಡಿದರು. "ನೀವು ಕಾಲೇಜಿನಾಗ ಇದನ್ನ ಕಲಿಸ್ತಿದ್ರಂತಲ್ಲ. ಮುಂದ ಮಕ್ಕಳಿಗಿ ಬರ್ತದೇನ್ರಿ?"

"ಬರಬಹುದು, ಬರದೇನೂ ಇರಬಹುದು. ಖಾತ್ರಿ ಹೇಳಾಕ ಬರೂದಿಲ್ಲ."

"ಇಷ್ಟ ಓದೀನೂ?"

"ಇಷ್ಟ ಓದೀನೂ."

ಬಾಗಿಲ ಬಳಿ ಕೂತಿದ್ದ ಬಸವಪ್ರಸಾದ ಕೆಮ್ಮಿದ. "ಯವ್ವಾ, ಆಕಿ ನನಗ ಫೋನಿನಾಗ ಮೊದಲ ಹೇಳ್ಯಾಳ."

"ಮತ್ತ ನನಗ್ಯಾಕ ಹೇಳ್ಲಿಲ್ಲೋ?"

"ನೀ ಹೆಂಗೂ ನೋಡಾಕಿ ಅಲ್ಲೇನು?"

ಚನ್ನಮಲ್ಲಮ್ಮ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡು ಬೆರಳಲ್ಲಿ ಕೂದಲು ಸರಿಸುತ್ತ ಗಟ್ಟಿ ಜಾಗ ಹುಡುಕಿದರು. ಕೆಳಗೆ, ಜಡೆಯ ಬುಡದಲ್ಲಿ ಅದು ಸಿಕ್ಕಿತು. ಮಾಲೆಯನ್ನು ಅಲ್ಲಿ ಸಿಕ್ಕಿಸಿ, ಬೀಳುವುದಿಲ್ಲ ತಾನೇ ಎಂದು ಒಮ್ಮೆ ಜಗ್ಗಿ ನೋಡಿದರು.