ಅಂಕ ಹಾಕದ ಮೂರನೆಯ ಗ್ಲಾಸು

ನಮ್ಮ ಭಟ್ಟಿಯಲ್ಲಿ ವಿಸ್ಕಿಯ ರುಚಿ ನೋಡಿ ಅಂಕ ಹಾಕುವವರು ನಾವು ಮೂವರು. ಹಿರಿಯಳು ಮೂಗಕ್ಕ. ಮೂಗಿನ ಚುರುಕಿಗಾಗಿ ಬಂದ ಹೆಸರು ಅದು. ಹೊಸಬರು ಅವಳನ್ನು ಮಾತು ಬಾರದವಳೆಂದುಕೊಂಡು ಕೈಸನ್ನೆ ಮಾಡಿ, ಆಮೇಲೆ ಅವಳ ಬಾಯಿಗೆ ಸಿಕ್ಕಿ ಪೇಚಾಡುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ದಿನಾ ವಿಸ್ಕಿಯನ್ನು ಬಾಯಿಗಿಟ್ಟರೂ ಒಂದು ಗುಟುಕನ್ನೂ ಗಂಟಲಿಗೆ ಇಳಿಸಿದವಳಲ್ಲ. ನಾಲಿಗೆಯ ಮೇಲೆ ಹೊರಳಿಸಿ, ಬಕೆಟ್ಟಿಗೆ ಉಗುಳಿ, ಒಣ ಬ್ರೆಡ್ಡು ಜಗಿದು, ಚೀಟಿಯಲ್ಲಿ ಅಂಕ ಬರೆಯುವಳು. ಕೆಲಸದ ದಿನ ವಾಸನೆಯ ಸೋಪಿಲ್ಲ, ಪೌಡರಿಲ್ಲ, ಬೆಳಗಿನ ಕಾಫಿಯೂ ಇಲ್ಲ.

ಅವಳ ಸೊಸೆಯೂ ನಮ್ಮಲ್ಲೇ, ಕೆಳಗೆ ಭಟ್ಟಿ ಇಳಿಸುವ ಕಡೆ ಇದ್ದಳು. ಗೋಧಿಯ ಜಾತಿಯದೇ ಆದ, ಸ್ವಲ್ಪ ಖಾರದ ರೈ ಕಾಳಿನಿಂದ ವಿಸ್ಕಿ ತೆಗೆಯುತ್ತೇನೆಂದು ಹಟ ಹಿಡಿದು ಮಾಲೀಕರನ್ನು ಒಪ್ಪಿಸಿದ್ದಳು. ಪೀಪಾಯಿಯಲ್ಲಿ ಅದಕ್ಕೆ ಹದಿನಾಲ್ಕು ತಿಂಗಳು ತುಂಬಿದಾಗ ಮಾಲೀಕರು ಪರೀಕ್ಷೆಗಿಟ್ಟರು. ಪೇಟೆಯ ಎರಡು ರೈ ವಿಸ್ಕಿ, ನಮ್ಮದೊಂದು. ಗ್ಲಾಸುಗಳ ಮೇಲೆ ಬರೀ ನಂಬರು. ಯಾವುದು ಯಾರದೆಂದು ಮಾಲೀಕರಿಗೆ ಮಾತ್ರ ಗೊತ್ತು.

ಮೊದಲೆರಡಕ್ಕೆ ಮೂಗಕ್ಕ ಸರಸರ ಅಂಕ ಬರೆದಳು. ಮೂರನೆಯದನ್ನು ಮೂಗಿನ ಹತ್ತಿರ ತಂದವಳೇ ಕೆಳಗಿಟ್ಟಳು.

"ಇದಕ್ಕೆ ನಾನು ಅಂಕ ಹಾಕಲ್ಲ."

"ಯಾಕಮ್ಮಾ, ಅಷ್ಟು ಕೆಟ್ಟದಾಗಿದೆಯಾ?" ಎಂದರು ಮಾಲೀಕರು.

"ಹಾಗಲ್ಲ. ಇದೇ ವಾಸನೆಯ, ಸೊಸೆ ಕೆಲಸಕ್ಕೆ ಹಾಕೋ ಕೋಟು ಒಂದು ವರ್ಷದಿಂದ ನಮ್ಮನೆ ಬಾಗಿಲ ಹಿಂದೆ ನೇತಾಡ್ತಿದೆ. ಯಾರದು ಅಂತ ಗೊತ್ತಾದ್ಮೇಲೆ ನನ್ನ ಅಂಕಕ್ಕೇನು ಬೆಲೆ?"

ನಾವಿಬ್ಬರೂ ಹತ್ತಕ್ಕೆ ಏಳೇಳು ಕೊಟ್ಟಿದ್ದೆವು. "ಏಳು ಧಾರಾಳವಾಯ್ತು, ಬರೋ ತಿಂಗಳೇ ಬಾಟಲಿಗೆ ತುಂಬೋಣ" ಎಂದು ಮಾಲೀಕರು ಎದ್ದರು. ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಮಾತ್ರ ಅರಳಲಿಲ್ಲ.

"ಅಂಕ ಬೇಡ ಅತ್ತೆ. ಹೇಗಿದೆ ಅಂತಾನಾದ್ರೂ ಹೇಳಿ."

ಮೂಗಕ್ಕ ಗ್ಲಾಸನ್ನು ಮತ್ತೆ ಎಳೆದುಕೊಂಡಳು. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಉಗುಳಿದಳು.

"ಮೊದಲು ಮೆಣಸು, ಆಮೇಲೆ ಸುಟ್ಟ ಬ್ರೆಡ್ಡು, ಚೂರು ಜೇನು. ಅಲ್ಲೀವರೆಗೂ ಪೇಟೆಯವೆರಡೂ ಇದರ ಹತ್ರ ಸುಳಿಯಲ್ಲ. ಕೊನೆಗೆ ಹಸಿ ಮರ ಬರುತ್ತೆ ನೋಡು, ಬಡಗಿ ಈಗ ತಾನೇ ಕೀಸಿದ ಹಲಗೆ ಥರ. ತಪ್ಪು ನಿಂದಲ್ಲ, ಇನ್ನೂ ಎಳೇದು. ಇನ್ನೊಂದು ವರ್ಷ ಬಿಡು."

"ನಂಗೂ ಹಾಗೇ ಅನ್ನಿಸಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ" ಎಂದ ಸೊಸೆ ಮಾಲೀಕರ ಕಡೆ ತಿರುಗಿ ಒಂದು ವರ್ಷ ಕೇಳಿದಳು.

ಆ ಹಸಿ ಮರ ನನ್ನ ನಾಲಿಗೆಗೂ ಸಿಕ್ಕಿತ್ತು. ಮಾಲೀಕರ ಮುಖ ನೋಡಿಯೇ ಅದು ನಮ್ಮದೆಂದು ಊಹಿಸಿ ಏಳು ಬರೆದಿದ್ದೆ. ನಾಚಿಕೆಯಾಯಿತು. ಚೀಟಿ ವಾಪಸು ಪಡೆದು ಐದು ಮಾಡಿದೆ. ಮಾಲೀಕರು ಗೊಣಗಿದರೂ ಅರ್ಧ ಪೀಪಾಯಿಗಳನ್ನು ಮುಟ್ಟದೆ ಬಿಡಲು ಒಪ್ಪಿದರು.

ಬಾಟಲಿಗೆ ತುಂಬಿದ ಉಳಿದರ್ಧಕ್ಕೆ ಒಳ್ಳೆಯ ಬೇಡಿಕೆಯೇ ಬಂತು. ಯಾರೂ ಹಸಿ ಮರದ ಮಾತೆತ್ತಲಿಲ್ಲ. ಆದರೂ ಬಿಟ್ಟ ಪೀಪಾಯಿಗಳನ್ನು ವರ್ಷ ತುಂಬುವ ಮುನ್ನ ತೆರೆಯಲು ಅತ್ತೆ, ಸೊಸೆ ಇಬ್ಬರೂ ಒಪ್ಪಲಿಲ್ಲ.

ವರ್ಷ ಕಳೆದು ಮತ್ತೆ ಪರೀಕ್ಷೆಯಾದ ದಿನ ಮೂಗಕ್ಕ ರಜೆ ಹಾಕಿ, ತನ್ನ ಕುರ್ಚಿಗೆ ಬೇರೆ ಊರಿನ ಪರೀಕ್ಷಕನನ್ನು ಕರೆಸಿದ್ದಳು. ಅವನು ಒಂಬತ್ತು ಕೊಟ್ಟ. ನಾನೂ ಒಂಬತ್ತೇ ಕೊಟ್ಟೆ, ಮನಸ್ಸಾರೆ. ಸಂಜೆ ಸುದ್ದಿ ಹೇಳಲು ಅವರ ಮನೆಗೆ ಓಡಿದೆ. ಅತ್ತೆ ಸೊಸೆ ಮುಂದಿನ ವರ್ಷದ ರೈ ಕಾಳನ್ನು ಮೇಜಿನ ತುಂಬ ಹರಡಿಕೊಂಡು, ಒಂದೊಂದೇ ಕಾಳು ಕಚ್ಚಿ ನೋಡುತ್ತ, ಯಾವ ಚೀಲ ಇಟ್ಟುಕೊಳ್ಳುವುದು, ಯಾವುದು ವಾಪಸು ಕಳಿಸುವುದು ಎಂದು ಜೋರಾಗಿ ಜಗಳವಾಡುತ್ತಿದ್ದರು.