ಕಾಕೂ ಮನೆಯ ಏಸಿಯ ಪೂಜೆ

ಏಸಿ ರಿಪೇರಿ ನನ್ನ ಕಸುಬು. ಮರಾಠಿ ಸೀಮೆಯ ದೇವಳಾಲಿ ಕ್ಯಾಂಪಿನ ಒಂದು ಮನೆಗೆ ಹೋದರೆ, ಬಾಗಿಲು ತೆಗೆದವರು ಬೆಳಗಾವಿ ಕಡೆಯ ಹಿರಿಯ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಕಾಕೂ. ನನ್ನ ಗದಗದ ಮಾತು ಕೇಳಿದ್ದೇ ತಡ, ಕೆಲಸಕ್ಕಿಂತ ಮೊದಲು ಚಹಾ ಬಂತು.

"ಏಸಿ ತಂಪ ಆಗವಲ್ದು. ಗುಜರಿಗೆ ಹಾಕೂಣು ಅಂತಾರ ನಮ್ಮ ಮನಿಯವ್ರು. ಮಗಳು ತನ್ನ ಪಗಾರದಾಗ ಕೊಡಿಸಿದ್ದು, ಹೆಂಗ ಹಾಕ್ಲಿ?"

"ಸರ್ವಿಸ್ ಮಾಡಿಸಿ ಎಷ್ಟು ವರ್ಷ ಆತ್ರಿ, ಕಾಕೂ?"

ಕಾಕೂಗೆ ಸಿಟ್ಟೇ ಬಂತು. "ಒಂದ್ ವರ್ಷಾನೂ ತಪ್ಪಿಸಿಲ್ಲಪಾ! ಪ್ರತಿ ದಸರಾಕ್ಕ ಕುರ್ಚಿ ಹತ್ತಿ ನಾನೇ ಮಾಡ್ತೀನಿ."

ನಾನು ಮುಚ್ಚಳ ಎತ್ತಿದೆ. ಫಿಲ್ಟರಿನ ಮೇಲೆ ಕಂಬಳಿಯಂಥ ಧೂಳು. ಅದರೊಳಗೆ ಅರಿಶಿನ, ಕುಂಕುಮ, ಅಕ್ಕಿಕಾಳು, ಒಣಗಿದ ಚೆಂಡುಹೂವಿನ ಎಸಳು. ಕಾಕೂ ಸರ್ವಿಸ್ ಅಂತ ಮಾಡುತ್ತಿದ್ದದ್ದು ಆಯುಧಪೂಜೆ. ಅಷ್ಟೂ ವರ್ಷಗಳ ಅಕ್ಷತೆ ಮೇಲಿನ ಸಂದಿಯಿಂದ ಒಳಗೆ ಬಿದ್ದು ಅಲ್ಲೇ ಕೂತಿತ್ತು.

ನಗು ನುಂಗಿಕೊಂಡು ಫಿಲ್ಟರನ್ನು ಬಚ್ಚಲಲ್ಲಿ ತೊಳೆದೆ, ಒಳಗೆಲ್ಲ ಸ್ವಚ್ಛ ಮಾಡಿ ಚಾಲೂ ಮಾಡಿದೆ. ತಣ್ಣನೆಯ ಗಾಳಿ ಬಂತು. ಕಾಕೂ ಅದರೆದುರು ಕಣ್ಣು ಮುಚ್ಚಿ ನಿಂತೇಬಿಟ್ಟರು.

"ಪೂಜಾ ಮಾಡ್ರಿ, ಅಕ್ಷತೆ ಬ್ಯಾಡ್ರಿ. ವರ್ಷಕ್ಕೊಮ್ಮೆ ನನ್ನ ಕರೀರಿ. ಈ ಫಿಲ್ಟರ್ ಜಾಳಿಗಿ ಮಾತ್ರ ತಿಂಗಳಿಗೊಮ್ಮೆ ನೀರಾಗ ತೊಳೀರಿ," ಎಂದೆ.

"ಅಷ್ಟೇ ಹೌದಿಲ್ಲೋ? ಅಮಾಸಿಗೆ ದೇವರ ಸಾಮಾನು ತಿಕ್ಕುವಾಗ ಇದನ್ನೂ ತೊಳೀತೀನಿ ಬಿಡು."

ಸಂಜೆ ಮನೆಗೆ ಬಂದವನು ಯಾಕೋ ನಮ್ಮ ಏಸಿಯ ಮುಚ್ಚಳವನ್ನೂ ಎತ್ತಿ ನೋಡಿದೆ. ಧೂಳು ಕಾಕೂ ಮನೆಯಲ್ಲಿದ್ದಷ್ಟೇ ಇತ್ತು. ಅಕ್ಷತೆಯೊಂದು ಇರಲಿಲ್ಲ.